ಗಾಜಿನ ಮೇಲಿನ ಶ್ವಾಸಕೋಶ

“ಈ ಕಪ್ಪು ಚುಕ್ಕೆ ಏನಮ್ಮ?” ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಅಪ್ಪ ಕೇಳಿದ.

“ನಿಮ್ಮ ಕಾರ್ಖಾನೆ ನಿಕಲ್ ಪುಡಿ. ಇಲಿಗೆ ಮೂರು ತಿಂಗಳು ಉಸಿರಾಡಿಸಿದ್ವಿ. ಇದು ಅದರ ಶ್ವಾಸಕೋಶದ ಚೂರು,” ಎಂದಳು ಮಗಳು. ಮಾಸ್ಕ್ ಎಂದರೆ ಮೂಗು ಮುರಿಯುತ್ತಿದ್ದವನನ್ನು ಅವಳೇ ಪ್ರಯೋಗಾಲಯಕ್ಕೆ ಎಳೆದು ತಂದಿದ್ದಳು.

“ಪುಡಿ ಸುತ್ತ ಇರೋದು?”

“ಕಾವಲು ಕಾಯೋ ಜೀವಕೋಶ. ಪುಡೀನ ನುಂಗತ್ತೆ, ಆದ್ರೆ ಕರಗಿಸೋಕಾಗಲ್ಲ. ಹೊಟ್ಟೇಲಿ ಇಟ್ಕೊಂಡೇ ಸಾಯತ್ತೆ. ಆಮೇಲೆ ಇನ್ನೊಂದು ಬಂದು ಆ ಪುಡೀನ ನುಂಗತ್ತೆ.”

ಅಪ್ಪ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಅವನ ಅಂಗೈ ತಾನಾಗಿಯೇ ಎದೆಯ ಮೇಲೆ ಹೋಗಿ ನಿಂತಿತು.

“ನನ್ನೊಳಗೂ ಈ ಕಾವಲಿನವು ಇವೆಯಾ?”

“ಇವೆ.”

ಅವನಿಗೆ ಕೆಮ್ಮು ಬಂತು. ಮಲಗಿದ ಮಗುವಿನ ಪಕ್ಕ ಕೂತವನಂತೆ ಮೆಲ್ಲಗೆ ಕೆಮ್ಮಿದ.

“ಇಪ್ಪತ್ತಾರು ವರ್ಷ ಆ ಪುಡೀಲೇ ದುಡಿದೆ,” ಎಂದ. “ಭಾನುವಾರ ನನಗಾದ್ರೂ ರಜೆ ಇತ್ತು. ಇವಕ್ಕೆ ಅದೂ ಇರ್ಲಿಲ್ವಲ್ಲೇ.”