ಕದ್ದ ತುತ್ತು

ದೊರೆ ತಟ್ಟೆಯನ್ನೊಮ್ಮೆ ಮೂಸಿ ನೋಡಿ, ಮುಖ ತಿರುಗಿಸಿಕೊಂಡು ಹೋಗಿ ಮರದ ಹೊಟ್ಟಿನ ರಾಶಿಯ ಮೇಲೆ ಮಲಗಿಬಿಟ್ಟಿತು. ನಿನ್ನೆ ಬೆಳಗಿನಿಂದ ಇದೇ ಕಥೆ. ಬಡಗಿ ಮಾಡುತ್ತಿದ್ದ ಕುರ್ಚಿಯನ್ನು ಅರ್ಧಕ್ಕೆ ಬಿಟ್ಟು ನಾಯಿಯ ಮುಂದೆ ಮಂಡಿಯೂರಿ ಕೂತ.

“ಒಂದೇ ಒಂದು ಕಾಳು ತಿನ್ನಪ್ಪ. ನನ್ನ ದೊರೆ ಅಲ್ವಾ ನೀನು? ಡಾಕ್ಟರಮ್ಮ ಹೇಳಿದ್ದು ಕೇಳಿಸ್ಕೊಂಡೆ ತಾನೆ?”

ಡಾಕ್ಟರಮ್ಮ ಹೇಳಿದ್ದು ದೊರೆಗಿಂತ ಬಡಗಿಗೇ ಹೆಚ್ಚು ನಾಟಿತ್ತು. ಕರಿದಿದ್ದು, ಬೆಣ್ಣೆ ಹಚ್ಚಿದ್ದು, ತನ್ನ ತಟ್ಟೆಯಲ್ಲಿ ಮಿಕ್ಕಿದ್ದು ಎಲ್ಲವನ್ನೂ ಮುದ್ದಿನಿಂದ ತಿನ್ನಿಸಿ ತಿನ್ನಿಸಿ ನಾಯಿಯ ಲಿವರ್ ಕೆಡಿಸಿದವನು ಅವನೇ. ಇನ್ನು ಮೇಲೆ ಅಂಗಡಿಯಲ್ಲಿ ಸಿಗುವ ನಾಯಿಯ ಕಾಳು ಬಿಟ್ಟು ಬೇರೇನೂ ಕೊಡಕೂಡದು, ಕೊಟ್ಟರೆ ನಾಯಿ ಉಳಿಯುವುದಿಲ್ಲ ಎಂದಿದ್ದರು. ಆದರೆ ಕಾಳು ತಿನ್ನದೆ ಉಪವಾಸ ಬಿದ್ದರೂ ಉಳಿಯುವುದಿಲ್ಲವಲ್ಲ!

ಕಾಳನ್ನು ಬಿಸಿನೀರಲ್ಲಿ ನೆನೆಸಿದ. ಅಂಗೈಯಲ್ಲಿಟ್ಟು ಹಿಡಿದ. ಕೊನೆಗೆ ತಾನೇ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು “ಆಹಾ!” ಎಂದು ಕಣ್ಣು ಮುಚ್ಚಿದ. ದೊರೆ ಅವನನ್ನು ಕನಿಕರದಿಂದ ನೋಡಿತು.

ಬಾಯಿಯ ರುಚಿ ಹೋಗಲೆಂದು ಬಡಗಿ ಮನೆಯೊಳಗೆ ಹೋಗಿ ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ. ಬಂದವರಿಗೆಂದು ಹೆಂಡತಿ ಇಟ್ಟ ಡಬ್ಬಿ ಅದು, ಸಕ್ಕರೆ ಕಾಯಿಲೆಯ ಅವನು ಮುಟ್ಟುವ ಹಾಗಿರಲಿಲ್ಲ. ಆದರೂ ಅವಳು ಡ್ಯೂಟಿಗೆ ಹೋದ ಮೇಲೆ ದಿನಾ ಒಂದೆರಡು ಅವನ ಹೊಟ್ಟೆ ಸೇರುತ್ತಿದ್ದವು. ಹಾಗಿದ್ದೂ ಸಕ್ಕರೆ ಹತೋಟಿಯಲ್ಲೇ ಇತ್ತು. ಮರ ಕೊಯ್ದು ಗಟ್ಟಿಯಾದ ಮೈ ತನ್ನದು, ಎಲ್ಲ ಅರಗಿಸಿಕೊಳ್ಳುತ್ತದೆ ಎಂದು ಅವನ ನಂಬಿಕೆ. ಈಚೆಗೆ ಬಿಸ್ಕತ್ತು ಮಾತ್ರ ಬರೀ ಸಪ್ಪೆ. ಬೇಕರಿಯವನು ಸಕ್ಕರೆಯಲ್ಲೂ ಜಿಪುಣತನ ಮಾಡುತ್ತಿದ್ದಾನೆ ಎಂದು ಬೈದುಕೊಂಡ.

ಸಂಜೆ ಹೆಂಡತಿ ಆಸ್ಪತ್ರೆಯಿಂದ ಬಂದಳು. ಅವಳು ಮಕ್ಕಳ ವಾರ್ಡಿನಲ್ಲಿ ನರ್ಸು. ಚಪ್ಪಲಿ ಬಿಡುವಾಗಲೇ ಗಂಡನ ಜೋಲು ಮುಖ ನೋಡಿ ಅವಳಿಗೆ ವಿಷಯ ತಿಳಿಯಿತು.

“ಅದರ ಕಾಲು ಹಿಡಿಯೋದೊಂದು ಬಾಕಿ, ಅಲ್ವಾ?”

“ಅದೂ ಆಯ್ತು,” ಎಂದ ಬಡಗಿ.

ಅವಳು ನಾಯಿಯತ್ತ ತಿರುಗಿಯೂ ನೋಡಲಿಲ್ಲ. ಕಾಳನ್ನು ತಾನು ಊಟ ಮಾಡುವ ತಟ್ಟೆಗೆ ಸುರಿದು, ಮೇಲೆ ಇನ್ನೊಂದು ತಟ್ಟೆಯನ್ನು ಅರೆಬರೆ ಮುಚ್ಚಿ, ಬಾಗಿಲ ಪಕ್ಕದ ಗಿಡ್ಡ ಸ್ಟೂಲಿನ ಮೇಲಿಟ್ಟಳು. ಆಮೇಲೆ ಮನೆಯೆಲ್ಲ ಕೇಳುವಂತೆ, “ಇದು ನಂದು. ಯಾರಾದ್ರೂ ಮುಟ್ಟಿದ್ರೆ ಚರ್ಮ ಸುಲಿದುಬಿಡ್ತೀನಿ!” ಎಂದು ಹೇಳಿ, ಬೆನ್ನು ತಿರುಗಿಸಿ ನಿಂತು ಬಟ್ಟೆ ಮಡಚತೊಡಗಿದಳು.

ಹೊಟ್ಟಿನ ರಾಶಿಯ ಮೇಲೆ ಒಂದು ಕಿವಿ ನೆಟ್ಟಗಾಯಿತು. ದೊರೆ ಎದ್ದು ಮೈ ಮುರಿದು, ಏನೂ ಗೊತ್ತಿಲ್ಲದ ಹಾಗೆ ಗೋಡೆ ಬದಿಯಲ್ಲೇ ಬಂದು, ಮೂಗಿನಿಂದ ಮೇಲಿನ ತಟ್ಟೆಯನ್ನು ಮೆಲ್ಲಗೆ ಸರಿಸಿತು. ಬಾಯಿ ತುಂಬ ಕಾಳು ತುಂಬಿಕೊಂಡು ಅವಳ ಬೆನ್ನನ್ನೇ ನೋಡಿತು.

“ಅಯ್ಯಯ್ಯೋ, ಕಳ್ಳ! ನನ್ನ ಊಟ!” ಅವಳು ಚೀರಿದಳು, ಆದರೆ ನಿಂತ ಜಾಗದಿಂದ ಅಲ್ಲಾಡಲಿಲ್ಲ. ದೊರೆ ಗಡಿಬಿಡಿಯಿಂದ ಅಗಿಯತೊಡಗಿತು. ಬಡಗಿಗೆ ನಗು ತಡೆಯಲಾಗಲಿಲ್ಲ.

“ನಗಬೇಡಿ, ನೀವೂ ಬೈಯಿರಿ,” ಎಂದು ಅವಳು ಪಿಸುಗುಟ್ಟಿದಳು. “ಬೈದಷ್ಟೂ ರುಚಿ ಜಾಸ್ತಿ.”

“ಲೋ ದರಿದ್ರದವನೇ, ಎಷ್ಟು ಧೈರ್ಯನೋ ನಿಂಗೆ!” ಎಂದ ಬಡಗಿ. ಬೈಗುಳ ಜೋಗುಳದ ಹಾಗೆ ಕೇಳಿಸಿತು. ದೊರೆ ತಟ್ಟೆಯನ್ನು ತೊಳೆದಿಟ್ಟಂತೆ ನೆಕ್ಕಿತು.

ಎಂಥ ಹೆಂಗಸು ಇವಳು! ಬಡಗಿ ಹೆಂಡತಿಯನ್ನು ಅಂದೇ ಮೊದಲ ಸಲ ಕಂಡವನ ಹಾಗೆ ನೋಡಿದ. “ನಿಂಗೆ ಅಡ್ಡಬೀಳ್ಬೇಕು ಕಣೇ. ಎಲ್ಲಿ ಕಲಿತೆ ಈ ವಿದ್ಯೇನ? ಮಕ್ಕಳ ವಾರ್ಡಲ್ಲಾ?”

“ಮಕ್ಕಳಿಗೆ ಹೇಳಿದ್ರೆ ಅರ್ಥ ಆಗುತ್ತೆ ರೀ. ಇದು ಮನೇಲೇ ಕಲಿತಿದ್ದು,” ಎಂದು ನಕ್ಕು ಅವಳು ಟೀ ಮಾಡಲು ಅಡುಗೆಮನೆಗೆ ಹೋದಳು.

ಮನೆಯಲ್ಲಿ ಇನ್ಯಾವ ನಾಯಿ ಇತ್ತು? ಬಡಗಿ ತಲೆ ಕೆರೆದುಕೊಂಡ. ಕಣ್ಣು ತಾನಾಗಿ ಬೀರುವಿನ ಮೇಲೆ ಹೋಯಿತು. ಬಂದವರಿಗೆಂದು ಇಟ್ಟ ಆ ಡಬ್ಬಿಯಿಂದ ಬಂದವರಿಗೆ ಅವಳು ಒಂದು ದಿನವೂ ಕೊಟ್ಟಿದ್ದನ್ನು ಅವನು ಕಂಡಿರಲಿಲ್ಲ. ಡಬ್ಬಿ ಎಂದೂ ಖಾಲಿಯಾಗಿರಲಿಲ್ಲ. ಬಿಸ್ಕತ್ತು ಕಮ್ಮಿಯಾಗಿದೆ ಎಂದು ಅವಳು ರಂಪ ಮಾಡದ ವಾರವೇ ಇರಲಿಲ್ಲ, ಆದರೆ ಡಬ್ಬಿಯನ್ನು ಬಚ್ಚಿಟ್ಟವಳಲ್ಲ. ಅವನು ಹೋಗಿ ಒಂದು ಬಿಸ್ಕತ್ತು ತೆಗೆದು ಈ ಸಲ ನಿಧಾನವಾಗಿ ಕಚ್ಚಿದ. ಹಿಟ್ಟು, ತಟ್ಟೆಗೆ ಹಾಕಿಕೊಟ್ಟರೆ ಅವನು ಮುಟ್ಟದ ಓಟ್ಸ್, ಚೂರು ಉಪ್ಪು. ಸಕ್ಕರೆಯ ಸುಳಿವೇ ಇಲ್ಲ. ಪಾಪ, ಬೇಕರಿಯವನು ಇಷ್ಟು ದಿನ ಸುಮ್ಮನೆ ಬೈಸಿಕೊಂಡಿದ್ದ.

ಮುಚ್ಚಳದ ಸದ್ದು ಅಡುಗೆಮನೆಗೆ ಕೇಳಿಸಿರಬೇಕು.

“ಯಾರ್ರೀ ಅದು ಡಬ್ಬಿ ಮುಟ್ಟಿದ್ದು? ಬಂದವರಿಗೆ ಅಂತ ಇಟ್ಟಿದ್ದು ಅದು!”

ಬಡಗಿ ಇನ್ನೊಂದು ಬಿಸ್ಕತ್ತನ್ನು ಜೇಬಿಗೆ ಸೇರಿಸಿ, ಗೋಡೆ ಬದಿಯಲ್ಲೇ ಹೊರಗೆ ಬಂದು, ಹೊಟ್ಟಿನ ರಾಶಿಯ ಮೇಲೆ ದೊರೆಯ ಪಕ್ಕ ಕೂತು, ಗಡಿಬಿಡಿಯಿಂದ ಅಗಿಯತೊಡಗಿದ.