ಜಪಾನಿನ ಪೆಟ್ಟಿಗೆ

ನಿಂಗಾಜಮ್ಮನಿಗೆ ಓದು ಬಾರದು. ಇಸ್ತ್ರಿ ಪೆಟ್ಟಿಗೆ ಜೋಡಿಸುವ ಶೆಡ್ಡಿನಲ್ಲಿ ಪೆಟ್ಟಿಗೆಗೊಂದು ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ಸೇರಿದ ದಿನವೇ ಎಲ್ಲವನ್ನೂ ತಲೆಕೆಳಗಾಗಿ ಅಂಟಿಸಿ ಸೂಪರ್‌ವೈಸರ್ ಕೈಲಿ ಬೈಸಿಕೊಂಡಿದ್ದಳು. ಅಂದಿನಿಂದ ಪಕ್ಕದಲ್ಲಿ ಕೂರುವ ರತ್ನಿಯನ್ನು ಕೇಳಿ, ಒಂದೊಂದು ಸ್ಟಿಕ್ಕರಿನ ಮೇಲ್ತುದಿಗೂ ಹೆಬ್ಬೆರಳ ಉಗುರಿನಿಂದ ಗೀರು ಒತ್ತಿಕೊಂಡೇ ಅಂಟಿಸುತ್ತಿದ್ದಳು.

"ಏನಮ್ಮಿ ಬರ್ದವ್ರೆ ಇದ್ರಲ್ಲಿ?" ಎಂದು ಒಮ್ಮೆ ಕೇಳಿದ್ದಳು.

"ಜಪಾನಲ್ಲಿ ಮಾಡಿದ್ದು ಅಂತ," ಎಂದಳು ರತ್ನಿ.

"ಮಾಡ್ತಿರೋರು ನಾವಲ್ವಾ?"

"ಸುಮ್ಕೆ ಅಂಟ್ಸಕ್ಕ."

ಮದುವೆಯಾಗಿ ವರ್ಷ ತುಂಬುವ ಮೊದಲೇ ನಿಂಗಾಜಮ್ಮನ ಮಗಳು ಗಂಡನ ಅಂಗಿಗೆ ಇಸ್ತ್ರಿ ಹಾಕುವಾಗ ಕರೆಂಟು ಹೊಡೆದು ಸತ್ತಳು. ಅಂದಿನಿಂದ ನಿಂಗಾಜಮ್ಮನದು ಒಂದೇ ಮಾತು: ಬೀಗರು ಕಳಪೆ ಪೆಟ್ಟಿಗೆ ತಂದು ನನ್ನ ಕೂಸನ್ನು ಕೊಂದುಹಾಕಿದರು. ಹನ್ನೊಂದನೇ ದಿನದ ಕಾರ್ಯದಲ್ಲೂ ಬಂದವರೆದುರು ಅದನ್ನೇ ಹೇಳಿ ಅತ್ತಳು.

ಅಳಿಯ ಒಳಗೆ ಹೋಗಿ ಆ ಪೆಟ್ಟಿಗೆಯನ್ನು ತಂದು ಅವಳ ಕೈಗಿಟ್ಟ. ಅವನ ಕಣ್ಣೂ ಊದಿತ್ತು.

"ಕಳಪೆದಲ್ಲ ಅತ್ತೆ. ಜಪಾನಿಂದು ಅಂತ ನೋಡ್ಕೊಂಡೇ ತಂದೆ. ಇಲ್ಲೇ ಬರ್ದಿದೆ, ಬೇಕಾದ್ರೆ ಯಾರ ಕೈಲಾದ್ರೂ ಓದ್ಸಿ."

ನಿಂಗಾಜಮ್ಮ ಸ್ಟಿಕ್ಕರಿನ ಮೇಲೆ ಬೆರಳಾಡಿಸಿದಳು. ಹೆಬ್ಬೆರಳು ಕೆಳಗಿನ ಅಂಚಿನ ಗೀರಿಗೆ ಬಂದು ನಿಂತಿತು. ಆಮೇಲೆ ಪೆಟ್ಟಿಗೆಯನ್ನು ನಿಧಾನವಾಗಿ ತಿರುಗಿಸಿ ಹಿಡಿದಳು. ತಲೆಕೆಳಗಾಗಿದ್ದ ಅಕ್ಷರಗಳು ನೆಟ್ಟಗಾದವು.

ಅಳಿಯ ಅವಳ ಮುಖ ನೋಡಿದ. "ನಿಮ್ಗೆ ಓದೋಕೆ ಬರುತ್ತಾ ಅತ್ತೆ?"

"ಇದೊಂದು ಬತ್ತದಪ್ಪ."