ಅತ್ತೆಯ ‘ಪರವಾಗಿಲ್ಲ’

ನಗರದ ಬೇಕರಿಗಳ ಬಗ್ಗೆ ಪತ್ರಿಕೆಯಲ್ಲಿ ವಾರ ವಾರ ಬರೆಯುತ್ತಿದ್ದವಳಿಗೆ ಮೂಗು ಕೆಲಸ ಮಾಡುತ್ತಿರಲಿಲ್ಲ. ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಒಯ್ದಿತ್ತು, ಅದರ ಹಿಂದೆಯೇ ರುಚಿಯೂ ಹೋಗಿತ್ತು. ಸಿಹಿಯಾದದ್ದು ನಾಲಿಗೆಗೆ ತಿಳಿಯುತ್ತಿತ್ತು, ಗರಿಗರಿಯಾದದ್ದು ಹಲ್ಲಿಗೆ ತಿಳಿಯುತ್ತಿತ್ತು. ಬೆಣ್ಣೆ ಯಾವುದು, ಕಮಟು ಎಣ್ಣೆ ಯಾವುದು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಸಂಪಾದಕರಿಗೆ ಹೇಳಿದರೆ ಅಂಕಣ ಬೇರೆಯವರ ಪಾಲಾಗುತ್ತಿತ್ತು. ಅದಕ್ಕೇ ಅವಳು ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಅತ್ತೆ ತಿನ್ನಬೇಕು, ಅಂಗಡಿಯವರಿಗೆ ಅನುಮಾನ ಬರದ ಹಾಗೆ ಒಂದೇ ಮಾತಿನಲ್ಲಿ ತೀರ್ಪು ಹೇಳಬೇಕು. ಉಳಿದದ್ದನ್ನು ಸೊಸೆ ಸೇರಿಸಿ ಬರೆಯುತ್ತಿದ್ದಳು.

ಈ ಶನಿವಾರ ಅಂಥ ಕೆಲಸವೇನೂ ಇರಲಿಲ್ಲ. ಆದರೂ ಹಿಂದೊಮ್ಮೆ ಬಂದು ತಿಂದಿದ್ದ ಅಂಗಡಿಗೇ ಹೋಗಬೇಕೆಂದು ಅತ್ತೆ ಹಟ ಹಿಡಿದು ಅವಳನ್ನು ರೈಲ್ವೆ ಗೇಟಿನ ಹಿಂದಿನ ಓಣಿಗೆ ಎಳೆದು ತಂದರು. ಇಸ್ತ್ರಿ ಅಂಗಡಿಗೂ ಚಪ್ಪಲಿ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಚಿಕ್ಕ ಬೇಕರಿ. ಕೂರಲು ಎರಡೇ ಸ್ಟೂಲು. ಕಪಾಟಿನ ಗಾಜಿಗೆ ಒಂದು ಕಡೆ ಅಂಟುಪಟ್ಟಿ ಹಚ್ಚಿತ್ತು.

“ನಿಂಬೆ ಕೇಕು, ಎರಡು ತುಂಡು,” ಎಂದರು ಅತ್ತೆ.

ಬೇಕರಿಯವಳು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ನಡುವಯಸ್ಸಿನ ಹೆಂಗಸು. “ತಗೊಳ್ಳಿ ಅಮ್ಮಾ, ಇದೇ ಕೊನೆ. ಸೋಮವಾರದಿಂದ ಬರೀ ಬ್ರೆಡ್ಡು. ಅದಾದ್ರೂ ಎಷ್ಟು ದಿನವೋ.”

“ಯಾಕೆ?”

“ಕೇಳೋರಿಲ್ಲ. ಪೇಪರ್‌ನಲ್ಲಿ ಯಾರೋ ಬರೆದ್ರು, ಈ ಅಂಗಡಿ ನಿಂಬೆ ಕೇಕು ಪರವಾಗಿಲ್ಲ ಅಂತ. ಈಗ ಎದುರು ಮನೆಯೋರೂ ದೊಡ್ಡ ರಸ್ತೆ ಗಾಜಿನ ಬೇಕರಿಗೇ ಹೋಗ್ತಾರೆ.”

ಸೊಸೆ ಕೂತಲ್ಲೇ ತಲೆ ತಗ್ಗಿಸಿದಳು. ಅತ್ತೆಗೆ ಅರ್ಥವಾಗಲಿಲ್ಲ. ಅವರು ಅಂಕಣ ಓದುತ್ತಿರಲಿಲ್ಲ; ತಾನು ತಿಂದದ್ದನ್ನು ತಾನೇ ಮತ್ತೆ ಓದುವುದೇನು ಎನ್ನುತ್ತಿದ್ದರು.

“ಪರವಾಗಿಲ್ಲ ಅಂತ ಬರೆದ್ರೆ ಜನ ಮುಗಿಬೀಳಬೇಕಿತ್ತಲ್ಲ?”

“ಚೆನ್ನಾಗಿ ಹೇಳಿದ್ರಿ. ಪರವಾಗಿಲ್ಲ ಅಂದ್ರೆ ಏನಮ್ಮಾ? ಬೇರೆ ಗತಿ ಇಲ್ಲದಿದ್ರೆ ತಿನ್ನಬಹುದು ಅಂತ.”

“ಯಾವೂರ ಮಾತು ಅದು? ಪರವಾಗಿಲ್ಲ ಅಂದ್ರೆ ಬಾಯಿಗೆ ಹಿಡಿಸ್ತು ಅಂತ.” ಅತ್ತೆ ಸೊಸೆಯ ಕಡೆ ತಿರುಗಿದರು. “ನೀನು ಏನಂತ ಬರೆದ್ಯೇ?”

ಕೇಕು ಕತ್ತರಿಸುತ್ತಿದ್ದ ಬೇಕರಿಯವಳ ಕೈ ನಿಂತಿತು.

“ನೀವು ಹೇಳಿದ್ದನ್ನೇ ಬರೆದೆ ಅತ್ತೆ,” ಎಂದಳು ಸೊಸೆ. “ಮತ್ತೆ ಆ ಗಾಜಿನ ಅಂಗಡಿ ಕೇಕಿಗೆ ಚೆನ್ನಾಗಿದೆ ಅಂದ್ರಲ್ಲ?”

“ಅಂದೆ. ಅಂಗಡಿಯವನು ಅಲ್ಲೇ ಹಲ್ಲು ಕಿರಿದುಕೊಂಡು ನಿಂತಿದ್ದ. ಚೆನ್ನಾಗಿದೆ ಅನ್ನೋದು ಬಾಯಿಮಾತು ಕಣೇ, ಯಾರಿಗೆ ಬೇಕಾದ್ರೂ ಅನ್ನಬಹುದು. ಅದನ್ನ ಗಂಟಲಿಗಿಳಿಸೋಕೆ ಲೋಟಗಟ್ಟಲೆ ನೀರು ಕುಡಿದೆನಲ್ಲ, ಕಾಣ್ಲಿಲ್ವಾ?”

“ಬಿಸಿಲಿಗೆ ಅಂದ್ಕೊಂಡೆ. ಊರಿಗೇ ಮೊದಲನೇ ಕೇಕು ಅಂತ ಬರೆದುಬಿಟ್ಟೆ.”

“ಅಯ್ಯೋ ಪಾಪ,” ಎಂದರು ಅತ್ತೆ. ಯಾರಿಗೆಂದು ಹೇಳಲಿಲ್ಲ.

ಬೇಕರಿಯವಳು ಚಾಕು ಕೆಳಗಿಟ್ಟಳು. “ಅಂದ್ರೆ ತಿಂದೋರು ಇವರು, ಬರೆದೋರು ನೀವು. ಅತ್ತೆ ಮಾತು ಸೊಸೆಗೆ ತಿಳೀದೆ ಹೋದ್ರೆ ನನ್ನ ಒಲೆ ಯಾಕಮ್ಮಾ ಆರಬೇಕು?”

“ನನಗೆ ವಾಸನೆ ಗೊತ್ತಾಗಲ್ಲ,” ಎಂದಳು ಸೊಸೆ. ಹೊರಗಿನವರೊಬ್ಬರಿಗೆ ಆ ಮಾತು ಹೇಳಿದ್ದು ಅದೇ ಮೊದಲು. “ತಿದ್ದುಪಡಿ ಹಾಕಿಸ್ತೀನಿ.”

“ಪೇಪರ್‌ನೋರು ಯಾಕೆ ಅಂತ ಕೇಳಲ್ವಾ?”

ಕೇಳುತ್ತಾರೆಂದು ಅವಳಿಗೂ ಗೊತ್ತಿತ್ತು. ಅತ್ತೆಯ ಮುಖ ನೋಡಿದಳು. ಅತ್ತೆ ಬೀದಿಯ ಕಡೆ ನೋಡುತ್ತಿದ್ದರು. ಅವಳು ಸಂಪಾದಕರಿಗೆ ಫೋನ್ ಮಾಡಿ, ಬೇಕರಿಯವಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿ ಕೌಂಟರಿನ ಮೇಲಿಟ್ಟಳು. ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು.

“ಮೂಗಿಲ್ಲದೆ ಬೇಕರಿ ಬಗ್ಗೆ ಬರೆದ್ರೇನ್ರೀ? ಎಷ್ಟು ಅಂಗಡಿ?”

“ಚಳಿಗಾಲದಿಂದ ಈಚೆಗಿನವೆಲ್ಲ ಸಾರ್. ತಲೆಕೆಳಗು ಮಾಡಿ ಓದಿದ್ರೆ ಎಲ್ಲ ಸರಿಯಾಗೇ ಇದೆ.”

“ಅದನ್ನೇ ಬರೆದು ಕಳಿಸಿ. ನಾಳೆ ಹಾಕ್ತೀನಿ. ನಿಮ್ಮದು ಅದೇ ಕೊನೇದು.”

“ಆಯ್ತು ಸಾರ್.”

ಬೇಕರಿಯವಳು ಎರಡು ತುಂಡನ್ನು ಎರಡು ತಟ್ಟೆಗೆ ಹಾಕಿ ಕೊಟ್ಟಳು. ಅತ್ತೆಯ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದಳು. ಸೊಸೆಯ ತಟ್ಟೆಗೆ ಹಾಕಲಿಲ್ಲ. ಅತ್ತೆ ಆ ತುಂಡನ್ನು ಮುರಿದು ದೊಡ್ಡ ಭಾಗವನ್ನು ಸೊಸೆಯ ತಟ್ಟೆಗೆ ಸರಿಸಿದರು.

“ರುಚಿ ಗೊತ್ತಾಗಲ್ಲವಲ್ಲ ಅತ್ತೆ, ನನಗ್ಯಾಕೆ?”

“ಹೊಟ್ಟೆಗೆ ಗೊತ್ತಾಗುತ್ತೆ, ತಿನ್ನು. ಬೇರೇನಾದ್ರೂ ಬರೆದರಾಯ್ತು, ಕೈ ಬಿದ್ದುಹೋಗಿಲ್ಲವಲ್ಲ. ಬೇಗ ಬೇಗ ಮುಗಿಸು, ಮನೇಲಿ ಅಡುಗೆ ಆಗಬೇಕು.”

ಸೊಸೆ ಕೇಕನ್ನು ಬಾಯಿಯ ಹತ್ತಿರ ಒಯ್ದವಳು ಹಾಗೇ ಕೂತಳು.

“ಅತ್ತೆ, ನಾನು ಮದುವೆಯಾಗಿ ಬಂದು ಎಂಟು ವರ್ಷ ಆಯ್ತು. ದಿನಾ ಊಟಕ್ಕೆ ಕೂತಾಗ ನನ್ನ ಅಡುಗೆಗೆ ನೀವು ಚೆನ್ನಾಗಿದೆ ಅಂತಾನೇ ಅಂತೀರಲ್ಲ?”

ಅತ್ತೆ ತಟ್ಟೆಯ ಅಂಚಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿಕೊಂಡರು. ಬೇಕರಿಯವಳು ಬೇಕಿಲ್ಲದಿದ್ದರೂ ಒಲೆಯ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡತೊಡಗಿದಳು. ನಗುವಿಗೆ ಅವಳ ಬೆನ್ನು ಕುಲುಕುತ್ತಿತ್ತು.

“ಒಂದು ದಿನಾನಾದ್ರೂ ತಟ್ಟೇಲಿ ಬಿಟ್ಟು ಎದ್ದಿದ್ದೀನಾ, ಹೇಳು,” ಎಂದರು ಅತ್ತೆ.

ಆ ಸಂಜೆ ಸೊಸೆ ಕಳೆದುಕೊಂಡದ್ದು ಒಂದು ಅಂಕಣ ಮತ್ತು ಎಂಟು ವರ್ಷದ ಅಡುಗೆ.